ಹೆಸರು ಲಿವರ್, ಕುಲ ಗರ್ಭಕಂಠ

ಲಿವರ್‌ನ ಜೀವಕೋಶ ವಿಷವನ್ನು ಹೇಗೆ ಅರಗಿಸಿಕೊಳ್ಳುತ್ತದೆ, ಕರುಳಿನ ಗೋಡೆಗೆ ಬ್ಯಾಕ್ಟೀರಿಯಾ ಹೇಗೆ ಕನ್ನ ಹಾಕುತ್ತದೆ, ಬಾಯಿ ಕ್ಯಾನ್ಸರ್ ಯಾವ ಔಷಧಕ್ಕೆ ಬಗ್ಗುತ್ತದೆ, ಗಂಟಲಿನ ಗಡ್ಡೆ ಯಾವುದಕ್ಕೆ ಜಗ್ಗುವುದಿಲ್ಲ ಎಂಬುದರ ಬಗ್ಗೆ ರಾಶಿ ರಾಶಿ ಸಂಶೋಧನಾ ಪ್ರಬಂಧಗಳಿವೆ. ಅವುಗಳಲ್ಲಿ ಸಾವಿರಾರು ಪ್ರಬಂಧಗಳಿಗೆ ಲಿವರ್, ಕರುಳು, ಬಾಯಿ, ಗಂಟಲು ಯಾವುದರ ಪರಿಚಯವೂ ಇಲ್ಲ. ಅವು ಮಾತಾಡಿಸಿದ್ದು ಒಂದೇ ಗಡ್ಡೆಯನ್ನು: 1951ರ ಅಕ್ಟೋಬರ್‌ನಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 31ನೇ ವಯಸ್ಸಿಗೆ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಹೆಂಗಸಿನ ಗರ್ಭಕಂಠದ ಗಡ್ಡೆಯನ್ನು.

ಈ ಕಥೆಯ ಒಂದರ್ಧ ಈಗ ಸಾಕಷ್ಟು ಜನರಿಗೆ ಗೊತ್ತು. ಆಕೆಯನ್ನು ಕೇಳದೆ ಒಂದು ತುಣುಕು ತೆಗೆದರು, ಜಾರ್ಜ್ ಗೈ ಎಂಬ ಸಂಶೋಧಕರು ಅದನ್ನು ಗಾಜಿನ ಕೊಳವೆಯಲ್ಲಿ ಬೆಳೆಸಿದರು, ಅದು ಸಾಯಲೇ ಇಲ್ಲ, ‘ಹೀಲಾ’ ಎಂದು ಹೆಸರಾಯಿತು, ಪೋಲಿಯೊ ಲಸಿಕೆಯ ಪರೀಕ್ಷೆಗೆ ಒದಗಿತು. ಸಮಾರಂಭದ ಭಾಷಣಕ್ಕೆ ಹೇಳಿಮಾಡಿಸಿದ ಭಾಗ ಅದು. ಉಳಿದರ್ಧವನ್ನು ಪ್ರಯೋಗಾಲಯದವರು ಕ್ಯಾಂಟೀನಿನಲ್ಲಿ ಮಾತ್ರ ಹೇಳಿಕೊಳ್ಳುತ್ತಾರೆ.

ಹೀಲಾ ಸುಮಾರು ಒಂದು ದಿನದಲ್ಲಿ ಇಮ್ಮಡಿಯಾಗುವ ಕೋಶ. ಎಚ್‌ಪಿವಿ-18 ಎಂಬ ವೈರಸ್ ತನ್ನ ಜೀನ್‌ಗಳನ್ನು ಅದರ ಡಿಎನ್‌ಎಯೊಳಗೇ ಸೇರಿಸಿ ಕೂತಿದೆ. ಆ ವೈರಸ್ಸಿನ ಇ6, ಇ7 ಎಂಬ ಎರಡು ಪ್ರೋಟೀನುಗಳು ಕೋಶದ ಕಾವಲಿಗಿದ್ದ ಪಿ53 ಮತ್ತು ಆರ್‌ಬಿಗಳನ್ನು ಕೆಲಸದಿಂದ ತೆಗೆದುಹಾಕಿವೆ. ಹೀಗೆ ಹೇಳುವವರು ಕೇಳುವವರಿಲ್ಲದ ಕೋಶದ ಒಂದೇ ಒಂದು ಹನಿ, ಪಿಪೆಟ್ಟಿನ ತುದಿಯಲ್ಲಿ ಉಳಿದು, ಪಕ್ಕದ ತಟ್ಟೆಯ ಸುಕುಮಾರ ಲಿವರ್ ಕೋಶಗಳ ಮೇಲೆ ಬಿದ್ದರೆ ಖಾಲಿ ಸೈಟಿಗೆ ಕಾಂಗ್ರೆಸ್ ಗಿಡ ನುಗ್ಗಿದ ಹಾಗೆಯೇ. ಕೆಲವು ವಾರ ಕಳೆದರೆ ತಟ್ಟೆ ತುಂಬ ಹೀಲಾ, ಮೇಲಿನ ಚೀಟಿ ಮಾತ್ರ ‘ಲಿವರ್’. ಸಂಶೋಧಕರಿಗೆ ಪರಮಾನಂದ! ಮೊನ್ನೆಯವರೆಗೆ ನರಳುತ್ತಿದ್ದ ಕೋಶ ಇವತ್ತು ಮೈದುಂಬಿಕೊಂಡಿದೆ. ಎಲ್ಲ ತಮ್ಮ ಕೈಗುಣ. ‘ಚಾಂಗ್ ಲಿವರ್’, ಕರುಳಿನದೆನ್ನಲಾದ ‘ಇಂಟ್ 407’, ಬಾಯಿಯದೆನ್ನಲಾದ ‘ಕೆಬಿ’, ಗಂಟಲಿನದೆನ್ನಲಾದ ‘ಹೆಪ್-2’ ಎಲ್ಲವೂ ಹೀಗೆ ಕುಲ ಕಳೆದುಕೊಂಡು ಹೆಸರು ಉಳಿಸಿಕೊಂಡವು.

1966ರಲ್ಲಿ ಪೆನ್ಸಿಲ್ವೇನಿಯಾದ ಬೆಡ್‌ಫರ್ಡ್‌ನಲ್ಲಿ ಕೋಶ ಬೆಳೆಸುವವರ ಸಮ್ಮೇಳನ ನಡೆಯಿತು. ಸ್ಟಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಎದ್ದು ನಿಂತು ಬಹಳ ಸಭ್ಯವಾಗಿ ಬಾಂಬು ಹಾಕಿದರು. ಜಿ6ಪಿಡಿ ಎಂಬ ಕಿಣ್ವದ ‘ಎ’ ಬಗೆ ಆಫ್ರಿಕನ್ ಮೂಲದವರಲ್ಲಿ ಬಿಟ್ಟರೆ ಬೇರೆಯವರಲ್ಲಿ ಕಾಣುವುದು ತೀರಾ ಅಪರೂಪ. ಅವರು ಪರೀಕ್ಷಿಸಿದ 18 ಸೆಲ್ ಲೈನ್‌ಗಳಲ್ಲೂ, ಅಂದರೆ ತಟ್ಟೆಯಲ್ಲಿ ಬೆಳೆಸುತ್ತ ಬಂದ ಕೋಶವಂಶಗಳಲ್ಲೂ, ಅದೇ ಸಿಕ್ಕಿತು, ಬಿಳಿಯರ ದೇಹದಿಂದ ಬಂದವು ಎಂದು ದಾಖಲಾದವುಗಳಲ್ಲೂ. ಅಂದರೆ ಎಲ್ಲದರೊಳಗೂ ಹೀಲಾ ನುಗ್ಗಿರಬೇಕು. ಸಭೆಯಲ್ಲಿದ್ದ ಲಿಯೊನಾರ್ಡ್ ಹೇಫ್ಲಿಕ್, ಸ್ವಂತ ಮಗಳು ಹುಟ್ಟಿದಾಗಿನ ಗರ್ಭಪೊರೆಯಿಂದ ‘ವಿಶ್’ ಎಂಬ ಸೆಲ್ ಲೈನ್ ಬೆಳೆಸಿದ್ದರು. ಅನುಮಾನ ಅದಕ್ಕೂ ತಗುಲಿತು. ಹೆಂಡತಿಗೆ ಫೋನ್ ಮಾಡಿ ವಿಚಾರಿಸಿದೆ, ಹೆದರಬೇಕಾದ್ದೇನಿಲ್ಲವಂತೆ ಎಂದು ಅವರು ಎಲ್ಲರನ್ನೂ ನಗಿಸಿದರು. ಸಭೆ ನಕ್ಕಿತು. ನಕ್ಕು, ಊರಿಗೆ ಹೋಗಿ, ಬಹುಪಾಲು ಜನ ಅವೇ ಕೋಶಗಳ ಮೇಲೆ ಅದೇ ಕೆಲಸ ಮುಂದುವರಿಸಿದರು.

ನಕ್ಕು ಸುಮ್ಮನಾಗದವರು ಕ್ಯಾಲಿಫೋರ್ನಿಯಾದ ವಾಲ್ಟರ್ ನೆಲ್ಸನ್-ರೀಸ್. ವರ್ಣತಂತುಗಳನ್ನು ಸೂಕ್ಷ್ಮದರ್ಶಕದಡಿ ಜೋಡಿಸಿ ನೋಡಿ, ಯಾರ ತಟ್ಟೆಯಲ್ಲಿ ಯಾರ ಕೋಶವಿದೆ ಎಂದು 1974ರಿಂದ ‘ಸೈನ್ಸ್’ ಪತ್ರಿಕೆಯಲ್ಲಿ ಪಟ್ಟಿ ಹಾಕತೊಡಗಿದರು. ಕೊಳಕು ಕೋಶ ಕಳಿಸಿದ ಪ್ರಯೋಗಾಲಯಗಳ ಹೆಸರುಗಳನ್ನೂ ಹಾಕಿದರು. ಶೀತಲ ಸಮರದ ನಡುವೆ ಸೋವಿಯೆತ್ ವಿಜ್ಞಾನಿಗಳು ಸೌಹಾರ್ದದ ಕಾಣಿಕೆಯಾಗಿ ಅಮೆರಿಕಕ್ಕೆ ಕೊಟ್ಟ ಕ್ಯಾನ್ಸರ್ ಕೋಶಗಳನ್ನು ನೋಡಿದರೆ ಅವೂ ಹೀಲಾ. ಬಾಲ್ಟಿಮೋರಿನಾಕೆ ಪಾಸ್‌ಪೋರ್ಟಿಲ್ಲದೆ ಉಕ್ಕಿನ ಪರದೆ ದಾಟಿ, ಸರ್ಕಾರಿ ಗೌರವದೊಂದಿಗೆ ತವರಿಗೆ ಮರಳಿದ್ದಳು. ವಿಜ್ಞಾನಲೋಕ ನೆಲ್ಸನ್-ರೀಸ್‌ಗೆ ಕೃತಜ್ಞವಾಗಿತ್ತೇ? ಕಳ್ಳನನ್ನು ತೋರಿಸಿದವನ ಮೇಲೆ ಊರಿಗೆ ಇರುವ ಪ್ರೀತಿಯೇ ಅವರಿಗೂ ಸಿಕ್ಕಿತು. 1981ರಲ್ಲಿ ನಿವೃತ್ತರಾಗಿ ಅವರು ಹಿಡಿದ ದಾರಿ ಚಿತ್ರಕಲೆಯ ವ್ಯಾಪಾರದ್ದು. ಅಲ್ಲಿ ಚಿತ್ರ ಯಾರದೆಂದು ಮೊದಲು ಕೇಳುತ್ತಾರೆ, ಆಮೇಲೆ ಬೆಲೆ.

ಇಷ್ಟರಲ್ಲಿ ವಿಜ್ಞಾನಿಗಳಿಗೆ ಒಂದು ತೊಡಕು ಬಂತು. ಯಾವುದು ಹೀಲಾ, ಯಾವುದು ಅಲ್ಲ ಎಂದು ಖಚಿತಪಡಿಸಲು ಹೆನ್ರಿಯೆಟಾಳ ವಂಶದ ತಳಿಗುರುತುಗಳು ಬೇಕು. ಆಕೆ ಸತ್ತು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಆಕೆಯ ಕೋಶ ಲೋಕವೆಲ್ಲ ಸುತ್ತುತ್ತಿದೆ ಎಂಬ ಸುದ್ದಿ ಮನೆಯವರಿಗೆ ತಲುಪಿದ್ದೇ 1973ರ ಸುಮಾರಿಗೆ. ಆಗ ಜಾನ್ಸ್ ಹಾಪ್ಕಿನ್ಸ್‌ನವರು ಬಂದು ಗಂಡ, ಮಕ್ಕಳ ರಕ್ತ ತೆಗೆದುಕೊಂಡು ಹೋದರು. ಅಮ್ಮನನ್ನು ಕೊಂದ ಕ್ಯಾನ್ಸರ್ ತಮಗೂ ಇದೆಯೇ ಎಂದು ಪರೀಕ್ಷಿಸುತ್ತಿದ್ದಾರೆ ಎಂದುಕೊಂಡ ಮನೆಯವರು ಫಲಿತಾಂಶಕ್ಕಾಗಿ ಕಾದರು. ಪರೀಕ್ಷೆ ನಡೆದದ್ದು ವಿಜ್ಞಾನಿಗಳ ತಟ್ಟೆಯ ಕಾಯಿಲೆಗೆ. ತಟ್ಟೆ ತೊಳೆಯದೆ ಹೊಲಸು ಮಾಡಿಕೊಂಡವರು ಯಾರೋ, ಗುರುತು ಸಾಬೀತು ಮಾಡಲು ಸೂಜಿ ಚುಚ್ಚಿಸಿಕೊಂಡವರು ಯಾರೋ. ಇಡೀ ಪ್ರಕರಣದಲ್ಲಿ ಗುರುತಿನ ಪುರಾವೆ ಒದಗಿಸಬೇಕಾಗಿ ಬಂದದ್ದು ಮೋಸಹೋದವರಿಗೇ.

ಹಳೆಯ ಕಥೆ ಎನ್ನಬೇಡಿ. ಲೆಕ್ಕ ತಾಜಾ ಇದೆ. 2017ರಲ್ಲಿ ನೆದರ್ಲೆಂಡ್ಸಿನ ಹೋರ್ಬಾಕ್ ಮತ್ತು ಹಾಲ್ಫ್‌ಮನ್ ಎಂಬ ಇಬ್ಬರು ಕೂತು ಎಣಿಸಿದಾಗ, ತಪ್ಪು ಹೆಸರಿನ ಕೋಶಗಳನ್ನು ಆಧರಿಸಿದ ಪ್ರಬಂಧಗಳು 32,755 ಸಿಕ್ಕವು. ಅವುಗಳನ್ನು ಉಲ್ಲೇಖಿಸಿ ಬರೆದ ಪ್ರಬಂಧಗಳು ಸುಮಾರು ಐದು ಲಕ್ಷ. ಅಂತರರಾಷ್ಟ್ರೀಯ ಸಮಿತಿಯೊಂದು ಇಟ್ಟಿರುವ ಹೆಸರುಗೆಟ್ಟ ಕೋಶಗಳ ಪಟ್ಟಿ ಐನೂರು ದಾಟಿದೆ. ತಪ್ಪೆಲ್ಲ ಹೀಲಾದ್ದೇ ಅಲ್ಲ. ಸ್ತನ ಕ್ಯಾನ್ಸರ್ ದೇಹದಲ್ಲಿ ಹೇಗೆ ಹರಡುತ್ತದೆ ಎಂದು ತಿಳಿಯಲು ಜಗತ್ತು ವರ್ಷಗಟ್ಟಲೆ ನೆಚ್ಚಿದ ‘ಎಂಡಿಎ-ಎಂಬಿ-435’ ಕೊನೆಗೆ ಎಂ14 ಎಂಬ ಮೆಲನೋಮಾ ಕೋಶ ಎಂದು ಗೊತ್ತಾಯಿತು. ಅಂದರೆ ಚರ್ಮದ ಕ್ಯಾನ್ಸರ್. ಎಷ್ಟು ಚೆನ್ನಾಗಿ ಹರಡುತ್ತದೆ ನೋಡಿ ಎಂದು ಬೆರಗುಗೊಂಡದ್ದೇನೋ ನಿಜ. ಮೆಲನೋಮಾ ಹರಡುವುದರಲ್ಲಿ ನಿಸ್ಸೀಮ.

ಕೋಶದ ಗುರುತು ಪರೀಕ್ಷಿಸುವುದು ದುಬಾರಿಯೇ? ಇಲ್ಲ. ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ವಿಧಾನ ಪೊಲೀಸರ ಬಳಿ, ಪಿತೃತ್ವದ ಜಗಳದ ನ್ಯಾಯಾಲಯಗಳಲ್ಲಿ ದಿನವೂ ನಡೆಯುವಂಥದು. ದುಬಾರಿಯಾದದ್ದು ಉತ್ತರ. ಕೋಶ ಸರಿಯಿದ್ದರೆ ಒಂದು ಸಾಲು ಹೆಚ್ಚು ಬರೆಯಬಹುದು, ಅಷ್ಟೇ ಲಾಭ. ತಪ್ಪಿದ್ದರೆ ನಾಲ್ಕು ವರ್ಷದ ಪಿಎಚ್‌ಡಿ, ಗೈಡ್ ಸಾಹೇಬರ ಅನುದಾನ, ಮುಂದಿನ ಬಡ್ತಿ ಎಲ್ಲ ತಟ್ಟೆಯ ಜೊತೆ ಆಟೋಕ್ಲೇವಿಗೆ. ಇಷ್ಟು ಗೊತ್ತಿರುವ ಬುದ್ಧಿವಂತರು ಯಾಕೆ ಪರೀಕ್ಷೆ ಮಾಡಿಸುತ್ತಾರೆ? ಅಮೆರಿಕದ ಎನ್‌ಐಎಚ್ ಅನುದಾನದ ಅರ್ಜಿಯಲ್ಲಿ ಕೋಶದ ಗುರುತನ್ನು ಹೇಗೆ ದೃಢಪಡಿಸುತ್ತೀರಿ ಎಂದು ಕೇಳಲು ಶುರುಮಾಡಿದ್ದು 2016ರಲ್ಲಿ. ಗಾರ್ಟ್ಲರ್ ಎದ್ದು ನಿಂತ ಐವತ್ತು ವರ್ಷಕ್ಕೆ. ಸುವರ್ಣ ಮಹೋತ್ಸವ ಅನ್ನಿ.

ನಮ್ಮಲ್ಲಿ ಈ ನಾಟಕದ ಜನಪ್ರಿಯ ಪಾತ್ರ ಕೆಬಿಯದು. ಗುಟ್ಕಾ, ಎಲೆಯಡಿಕೆ, ಹೊಗೆಸೊಪ್ಪಿನ ನಾಡಿದು. ಗಂಡಸರನ್ನು ಕಾಡುವ ಕ್ಯಾನ್ಸರ್‌ಗಳಲ್ಲಿ ಬಾಯಿಯದು ಮುಂಚೂಣಿಯಲ್ಲಿದೆ. ಆದ್ದರಿಂದ ಒಂದು ಗಿಡದ ಎಲೆ ಒಣಗಿಸಿ, ಪುಡಿಮಾಡಿ, ಸಾರ ತೆಗೆದು ಕೆಬಿ ಕೋಶದ ಮೇಲೆ ಸುರಿಯುವುದು ಒಂದು ಜನಪ್ರಿಯ ಯೋಜನೆ. ಕೋಶ ಸಾಯುತ್ತದೆ. (ಫಿನಾಯಿಲ್ ಸುರಿದರೂ ಸಾಯುತ್ತದೆ, ಆದರೆ ಅದಕ್ಕೆ ಆಯುರ್ವೇದದ ಪೀಠಿಕೆ ಬರೆಯಲಾಗುವುದಿಲ್ಲ.) ‘ಬಾಯಿ ಕ್ಯಾನ್ಸರ್‌ಗೆ ರಾಮಬಾಣ’ ಎಂದು ಪತ್ರಿಕೆಯಲ್ಲಿ ಬರುತ್ತದೆ. ಹೊಗೆಸೊಪ್ಪಿನ ಬಾಯಿ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಪಿ53ರ ಜೀನೇ ಕೆಟ್ಟಿರುತ್ತದೆ. ಹೀಲಾದಲ್ಲಿ ಜೀನ್ ಸರಿಯಾಗಿದೆ, ಅದು ಮಾಡಿಕೊಟ್ಟ ಪ್ರೋಟೀನನ್ನು ವೈರಸ್ ನಾಶಮಾಡುತ್ತಿದೆ. ರೋಗದ ಬೇರೇ ಬೇರೆ. ಆದರೂ ಈಚೆಗೆ ಸುಧಾರಿಸಿದ್ದೇವೆ: ಕೆಲವರು ‘ಕೆಬಿ, ಹೀಲಾ ಬೆರೆತದ್ದು’ ಎಂದು ವಿಧಾನದ ವಿಭಾಗದಲ್ಲಿ ಪ್ರಾಮಾಣಿಕವಾಗಿ ಬರೆದು, ಶೀರ್ಷಿಕೆಯಲ್ಲಿ ‘ಬಾಯಿ ಕ್ಯಾನ್ಸರ್’ ಎಂದೇ ಉಳಿಸಿಕೊಳ್ಳುತ್ತಾರೆ.

ಎಲ್ಲ ಹೀಲಾ ಕೆಲಸವೂ ವ್ಯರ್ಥವಲ್ಲ, ಆ ನ್ಯಾಯ ಹೇಳಲೇಬೇಕು. ಗಂಟಲಿನದೆಂದು ಹೆಸರಾದ ಹೆಪ್-2 ಕೋಶ ಬೆಂಗಳೂರಿನಿಂದ ಕಲಬುರಗಿಯವರೆಗೆ ಇವತ್ತಿಗೂ ರೋಗಪತ್ತೆಗೆ ದುಡಿಯುತ್ತಿದೆ. ಕೀಲುನೋವು, ಮುಖದ ಮೇಲೆ ಕೆಂಪು ಕಲೆ ಎಂದು ಹೋದ ಹೆಂಗಸಿಗೆ ಲೂಪಸ್ ಇರಬಹುದೇ ಎಂದು ಡಾಕ್ಟರು ಎಎನ್‌ಎ ಟೆಸ್ಟ್ ಬರೆದುಕೊಟ್ಟರೆ, ಆಕೆಯ ರಕ್ತದ ಸೀರಂ ಬೀಳುವುದು ಸಾಮಾನ್ಯವಾಗಿ ಇದೇ ಕೋಶದ ಮೇಲೆ. ಅಲ್ಲಿ ಬೇಕಾದದ್ದು ದೊಡ್ಡ ನ್ಯೂಕ್ಲಿಯಸ್ ಇರುವ ಮನುಷ್ಯನ ಕೋಶ, ಗಂಟಲಾದರೇನು ಗರ್ಭಕಂಠವಾದರೇನು. ಟೆಸ್ಟ್ ಸರಿಯಾಗಿಯೇ ಬರುತ್ತದೆ. ರಿಪೋರ್ಟಿನಲ್ಲಿ ‘ಹೆಪ್-2’ ಎಂದು ಅಚ್ಚಾಗಿರುತ್ತದೆ, ಯಾರೂ ತಿದ್ದುವುದಿಲ್ಲ. ರೋಗಿಯ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದ್ದರೆ ಮಾತ್ರ ಕೌಂಟರಿನಲ್ಲಿ ಕೂಡಲೇ ಸರಿಪಡಿಸಿಕೊಡುತ್ತಾರೆ, ಆಧಾರ್ ಕಾರ್ಡಿನ ಜೆರಾಕ್ಸ್ ತಂದರೆ.