ದ್ವಾರಾಭಿಷೇಕ

ಮೂಡುಬಿದಿರೆಯ ನಮ್ಮ ಮನೆಯ ಹಲಸಿನ ಹೆಬ್ಬಾಗಿಲು ಪಶ್ಚಿಮಾಭಿಮುಖವಾದುದರಿಂದ, ಸಂಜೆಯ ಬಿಸಿಲನ್ನೂ ಆಟಿಯ ಇರಚಲನ್ನೂ ಏಕಾಂಗಿಯಾಗಿ ಸಹಿಸಿ, ಹೊಂಬಣ್ಣವನ್ನು ನೀಗಿಕೊಂಡು, ಭಸ್ಮಧಾರಿ ಬೈರಾಗಿಯಂತೆ ನಿಂತಿರುವುದನ್ನು ಕಂಡು, ಮಳೆಗಾಲಕ್ಕೆ ಮುನ್ನವೇ ಅದಕ್ಕೆ ವಾರ್ನಿಶ್ ಲೇಪಿಸುವ ಸಂಕಲ್ಪವನ್ನು ಮಾಡಿದೆನು.

ಸಲಹೆಗಾರರಿಗೆ ಬರವೆ? ಅರಗಿನ ಪಾಲಿಶ್ ಒಳಬಾಗಿಲಿಗೆ ಮಾತ್ರ, ನೀರು ಸೋಕಿದರೆ ಬಿಳಿಚಿಕೊಳ್ಳುತ್ತದೆ. ಹೊರಬಾಗಿಲಿಗೆ ಹಡಗಿನ ಕಂಬಗಳಿಗೆ ಬಳಿಯುವ ಜಾತಿಯದೇ ಬೇಕು, ಅದು ಮರದೊಡನೆ ಹಿಗ್ಗಿ ಕುಗ್ಗುತ್ತದೆ ಎಂದು ಬಂಟ್ವಾಳದ ಅಂಗಡಿಯವರು ಬೋಧಿಸಿದರು. ಬೆಳ್ತಂಗಡಿಯ ಭಾವನಿಗಾದರೋ ಗೇರುಬೀಜದ ಸಿಪ್ಪೆಯ ಎಣ್ಣೆಯ ಹೊರತು ಮಿಕ್ಕುದೆಲ್ಲ ಶೋಕಿ. ಗೆದ್ದಲು ಸುಳಿಯದೆಂಬುದು ನಿಜ. ಬಾಗಿಲು ಇದ್ದಲಾಗುವುದೂ ನಿಜ. "ವೇಣೂರಿನ ಗೊಮ್ಮಟ 1604ರಿಂದ ಬಿಸಿಲುಮಳೆಯಲ್ಲಿ ನಿಂತಿಲ್ವಾ ಭಾವ, ಅವನಿಗೆ ಯಾರು ವಾರ್ನಿಶ್ ಹಚ್ಚಿದ್ದು?" ಎಂದ. ಅವನು ಕಲ್ಲು, ಇದು ಮರ ಎಂದರೆ ಭಾವನಿಗೆ ಸಿಟ್ಟು.

ಉಜ್ಜಿದೆ, ಒರಸಿದೆ, ಟರ್ಪೆಂಟೈನು ಬೆರೆಸಿದ ತೆಳು ಲೇಪವನ್ನು ಕೊಟ್ಟೆ. ಎರಡನೆಯ ಲೇಪ ಮುಗಿದ ಸಂಜೆ, ಹಿಂದಿನ ರಾತ್ರಿಯ ಮಳೆಯ ಪ್ರಸಾದವಾಗಿ ಎದ್ದ ರೆಕ್ಕೆಹುಳುಗಳಲ್ಲೊಂದು, ನಾನೇ ಹೊತ್ತಿಸಿದ ದೀಪಕ್ಕೆ ಮರುಳಾಗಿ ಬಂದು, ಕನ್ನಡಿಯಂತಿದ್ದ ನಡುಹಲಗೆಯ ಮೇಲೆ ಮಲಗಿತು. ಚಿಮುಟವನ್ನೆತ್ತಿದೆನು.

"ಜೀವ ಉಂಟು ಮಾರಾಯ್ರೇ!" ಎಂದರು, ವಿಹಾರಕ್ಕೆ ಹೊರಟಿದ್ದ ನೆರೆಮನೆಯ ಜೈನ ಹಿರಿಯರು.

"ಇದು ಗೆದ್ದಲು. ಬಾಗಿಲನ್ನೇ ತಿನ್ನುವ ಕುಲ."

"ಈಗ ತಿನ್ನುತ್ತಾ ಉಂಟಾ?"

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹಿಡಿದೆಳೆದರೆ ಹಿಂಸೆ, ಬಿಟ್ಟರೆ ಜೀವಂತ ಸಮಾಧಿ, ಊದಿದರೆ ಲೇಪದ ಮೇಲೆ ಉಗುಳಿನ ತುಂತುರು. ಈ ತ್ರಿವಿಧ ಸಂಕಟದಲ್ಲಿ ನಾನು ಚಿಮುಟ ಹಿಡಿದ ದ್ವಾರಪಾಲಕನಾಗಿ, ಅವರು ಕೊಡೆ ಹಿಡಿದ ಧರ್ಮಾಧಿಕಾರಿಯಾಗಿ ನಿಂತಿರಲು, ಹಾಲಿನವನು ಬಂದ, ಅವನೂ ನಿಂತ. ಅತ್ತೆಯವರು ಅಡುಗೆಮನೆಯ ಕಡೆಯಿಂದ ಸುತ್ತು ಹಾಕಿ ಬಂದು, ಯಾರಿಗೆ ಏನಾಯಿತೆಂದು ಗಾಬರಿಯಿಂದ ವಿಚಾರಿಸಿದರು. ಅಷ್ಟರಲ್ಲಿ ಆ ಪ್ರಾಣಿ ಕೊಸರಿ, ತನ್ನ ಕುಲಧರ್ಮದಂತೆ ನಾಲ್ಕು ರೆಕ್ಕೆಗಳನ್ನೂ ಕಳಚಿ ನನ್ನ ವಾರ್ನಿಶ್ಶಿಗೆ ದಾನವಿತ್ತು, ನಿರಾಯಾಸವಾಗಿ ನಡೆದು, ಬಾಗಿಲ ಚೌಕಟ್ಟಿನ ಬಿರುಕನ್ನು ಹೊಕ್ಕಿತು. ಹಿರಿಯರು ಸಂತೋಷದಿಂದ ಕೈಮುಗಿದರು.

ಮರುದಿನ ಬಂದ ಆಚಾರಿ ರೆಕ್ಕೆಗಳನ್ನು ನೋಡಲಿಲ್ಲ, ಮೇಲೆ ನೋಡಿದ. ಚೌಟರ ಅರಮನೆಯ ಕೆತ್ತನೆಯ ಕಂಬಗಳನ್ನು ಕಾದದ್ದು ಎಣ್ಣೆಯಲ್ಲ, ಮಾಡು. ಈಗಿನವರು ಮನೆಗೆ ಮುಖವಿಡುತ್ತಾರೆ, ಹುಬ್ಬು ಇಡುವುದಿಲ್ಲ ಎಂದು ಗದರಿದ. ಮಾತು ನಾಟಿತು. ಮಾಡನ್ನು ಎರಡು ಮೊಳ ಮುಂದಕ್ಕೆ ತರಲು ಅಲ್ಲಿಯೇ ಒಪ್ಪಿ, ಹೊಸ ಪಕಾಸುಗಳಿಗೆ ಯಾವ ವಾರ್ನಿಶ್ ಒಳ್ಳೆಯದೆಂದು ಕೇಳಿದೆನು.