ಪ್ರಭಾರ ಸಾಹೇಬರ ಸನ್ನಿಧಿಗೆ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ನಾಲ್ಕು ಕುರ್ಚಿಗಳನ್ನು ಒಬ್ಬರೇ ಅಲಂಕರಿಸಿರುವ ಮಾನ್ಯ ಪ್ರಭಾರ ಅಧಿಕಾರಿಗಳಿಗೆ, ಆ ನಾಲ್ಕನ್ನೂ ಖಾಲಿಯಾಗಿಯೇ ಕಂಡು ಬಂದ ಅರ್ಜಿದಾರರ ಬಹಿರಂಗ ವಿನಂತಿ.

ಸರ್ಕಾರಿ ಕನ್ನಡದಲ್ಲಿ ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸುವುದಕ್ಕೆ ಹಲವು ಹೆಸರುಗಳಿದ್ದು, ಹುದ್ದೆ ಒಂದೆಡೆ, ಕೆಲಸ ಇನ್ನೊಂದೆಡೆ ಆದರೆ ಅದು ನಿಯೋಜನೆ, ಒಂದು ಇಲಾಖೆಯ ನೌಕರರನ್ನು ಮತ್ತೊಂದು ಇಲಾಖೆ ಕೇಳಿ ಪಡೆದರೆ ಎರವಲು ಸೇವೆ, ಖಾಲಿ ಹುದ್ದೆಯ ಹೊಣೆಯನ್ನು ಬೇರೆ ಹುದ್ದೆಯವರ ಹೆಗಲಿಗೆ ಏರಿಸಿದರೆ ಪ್ರಭಾರ, ಅಂದರೆ ಜನರ ಬಾಯಲ್ಲಿ ಚಾರ್ಜು. ಕರ್ನಾಟಕ ನಾಗರಿಕ ಸೇವಾ ನಿಯಮಗಳ 32ನೇ ನಿಯಮವು ಖಾಲಿ ಹುದ್ದೆಯ ದೈನಂದಿನ ಕರ್ತವ್ಯಗಳನ್ನು ವಹಿಸಲು ಅವಕಾಶ ಕೊಟ್ಟರೆ, 68ನೇ ನಿಯಮವು ಒಬ್ಬರೇ ಏಕಕಾಲಕ್ಕೆ ಎರಡು ಅಥವಾ ಹೆಚ್ಚು ಹುದ್ದೆಗಳಲ್ಲಿರಲು ಅನುಮತಿಸುತ್ತದೆ. ಪ್ರಭಾರ ಭತ್ಯೆಯೂ ಉಂಟು. ಹೀಗೆ ಸಾಹೇಬರಿಗೆ ಸಿಗುವುದು ಚಾರ್ಜು, ಅರ್ಜಿದಾರರು ತೆರುವುದು ಬಸ್ ಚಾರ್ಜು.

ಹಾಸನದಲ್ಲಿ ವಿಚಾರಿಸಿದರೆ ಸಾಹೇಬರು ಹೊಳೆನರಸೀಪುರದಲ್ಲಿ, ಅಲ್ಲಿ ವಿಚಾರಿಸಿದರೆ ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದವರೆಗೂ ಬೆನ್ನು ಹತ್ತಿದರೆ ಹಾಸನದ ಮೀಟಿಂಗಿನಲ್ಲಿ. ಹಾಸನಾಂಬೆಯ ಗುಡಿಯೂ ವರ್ಷದಲ್ಲಿ ಕೆಲವೇ ದಿನ ತೆರೆಯುವುದಾದರೂ, ಆ ದಿನಗಳನ್ನು ಮೊದಲೇ ಪ್ರಕಟಿಸುವ ಸೌಜನ್ಯ ಅಲ್ಲಿದೆ.

ಇಷ್ಟು ಅಲೆದು ಕೊನೆಗೊಮ್ಮೆ ದರ್ಶನವಾದಾಗ ದೊರೆಯುವ ಉತ್ತರವೆಂದರೆ, “ಇನ್‌ಚಾರ್ಜ್‌ನವರಿಗೆ ಪವರ್ ಇಲ್ಲ, ರೆಗ್ಯುಲರ್‌ನವರು ಬರಲಿ.” ಪವರ್ ಇಲ್ಲದವರನ್ನು ಕೂರಿಸಿದ್ದಾದರೂ ಏಕೆ? ಸಹಿ ಹಾಕದ ಕೈಗೆ ಮೊಹರು ಕೊಟ್ಟವರು ಯಾರು? 2011ರ ಸಕಾಲ ಕಾಯ್ದೆಯು ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಗೊತ್ತುಪಡಿಸಿದೆ. ಅದನ್ನು ಕೇಳಲು ಹೋದಲ್ಲಿಯೂ ಪ್ರಭಾರದವರೇ ಇದ್ದರೆ ಮತ್ತೆ ಬಸ್ ಚಾರ್ಜು.

ತಪ್ಪು ನಾಲ್ಕು ಊರು ಸುತ್ತಿ ಸುಸ್ತಾದ ಸಾಹೇಬರದ್ದಲ್ಲ. ಹುದ್ದೆ ತುಂಬದೆ, ತಾತ್ಕಾಲಿಕ ಏರ್ಪಾಡನ್ನೇ ವರ್ಷಗಟ್ಟಲೆ ಎಳೆದು, ಆಡಳಿತ ನಡೆಯುತ್ತಿದೆ ಎಂದು ನಂಬಿಸುವ ಸರ್ಕಾರದ್ದು. ಇದು ಉಳಿತಾಯವಲ್ಲ, ಶುದ್ಧ ವಂಚನೆ.

ಆದ್ದರಿಂದ ಹುದ್ದೆ ತುಂಬಬೇಕು. ಅಲ್ಲಿಯವರೆಗೆ ಪ್ರತಿ ಕಚೇರಿಯ ಬಾಗಿಲಿಗೆ ಒಂದು ಬೋರ್ಡು ಬೇಕು: ಸಾಹೇಬರು ಯಾವ ವಾರ ಯಾವ ಊರಿನಲ್ಲಿ, ಯಾವ ನಿಯಮದ ಪ್ರಭಾರದಲ್ಲಿ, ಯಾವ ಸಹಿ ಹಾಕಬಲ್ಲರು. ಬೋರ್ಡು ಬರೆಸುವುದಕ್ಕೂ ಪವರ್ ಇಲ್ಲವೆಂದಾದರೆ, ಸುಣ್ಣ ಮತ್ತು ಕುಂಚವನ್ನು ಅರ್ಜಿದಾರರೇ ತರುತ್ತಾರೆ.

ಇಂತಿ,
ನಾಲ್ಕೂ ಊರುಗಳ ಅರ್ಜಿದಾರರು