ರೂ. 500/- ಮಾತ್ರ

ಭದ್ರಾವತಿಯ ನ್ಯೂಟೌನಿನಲ್ಲಿ, ಶಿವಮೊಗ್ಗದ ದುರ್ಗಿಗುಡಿ, ವಿನೋಬನಗರಗಳಲ್ಲಿ ಬೀದಿಗೊಬ್ಬರಾದರೂ ಇಂಥ ಹಿರಿಯರು ಇದ್ದೇ ಇರುತ್ತಾರೆ. ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯಲ್ಲೋ ಎಂಪಿಎಂ ಕಾಗದದ ಕಾರ್ಖಾನೆಯಲ್ಲೋ ಲೆಕ್ಕಪತ್ರ ಬರೆದೂ ಬರೆದೂ ನಿವೃತ್ತರಾದವರು. ಜೇಬಿನಲ್ಲಿ ಈಗಲೂ ಎರಡು ಪೆನ್ನು. ಇವರನ್ನು ಏನು ಬೇಕಾದರೂ ಕೇಳಿ, ಬರೀ ಒಂದು ಅಂಕಿಯನ್ನು ಮಾತ್ರ ಕೇಳಬೇಡಿ. ಉಕ್ಕಿನ ಕಾರ್ಖಾನೆ ಶುರುವಾದದ್ದು ಯಾವಾಗ ಎಂದರೆ 1923 ಎಂದು ಹೇಳಿ ಸುಮ್ಮನಾಗುವವರಲ್ಲ. ವಿಶ್ವೇಶ್ವರಯ್ಯನವರು, ಕೆಮ್ಮಣ್ಣುಗುಂಡಿಯ ಅದಿರು, ಕಾಡಿನ ಇದ್ದಿಲು ಎಲ್ಲ ಬಂದು ಹೋದ ಮೇಲೆ, ಕಾಫಿ ಆರಿದ ಮೇಲೆ, ಇಸವಿ ಬರುತ್ತದೆ.

ಅಂಥ ಒಬ್ಬ ರಾಯರ ತಮ್ಮನ ಮಗ ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುವ ಹುಡುಗ. ದೊಡ್ಡಪ್ಪನ ಅಡಿಕೆ ಲೆಕ್ಕಕ್ಕೆಂದು ಪೈಥಾನ್ ಭಾಷೆಯಲ್ಲಿ ಪುಟ್ಟ ಪ್ರೋಗ್ರಾಮ್ ಬರೆದುಕೊಟ್ಟ. ರಾಯರು ಕ್ವಿಂಟಲ್ ಲೆಕ್ಕದಲ್ಲಿ ರಾಶಿ ಅಡಿಕೆಗೆ 12, ಬೆಟ್ಟೆ ಅಡಿಕೆಗೆ 8 ಎಂದು ತುಂಬಿದರು. ಒಟ್ಟು 128 ಎಂದಿತು ಪರದೆ. ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಪೈಥಾನ್ ಮೊದಲು ಅಕ್ಷರದ ಸಾಲು ಎಂದೇ ತಿಳಿಯುತ್ತದೆ. ಸಂಖ್ಯೆಯಾಗಿ ಬದಲಿಸು ಎಂದು ಹೇಳದಿದ್ದರೆ ಕೂಡುವ ಬದಲು ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ರಾಯರಿಗೆ ಪರಮಾನಂದ. "ಯಾವ ಮಂಡಿಯೋ ಇದು? ಇನ್ಮೇಲೆ ಅಡಿಕೆ ಇಲ್ಲೇ ಹಾಕೋಣ ಮಾರಾಯ!" ಖುಷಿ ಹೆಚ್ಚು ಹೊತ್ತು ಉಳಿಯಲಿಲ್ಲ. ತೂಕವನ್ನು ದರದಿಂದ ಗುಣಿಸುವ ಸಾಲಿಗೆ ಬರುತ್ತಲೇ ಪ್ರೋಗ್ರಾಮ್ 'ಟೈಪ್ ಎರರ್' ಎಂದು ಮಲಗಿತು. ಅಕ್ಷರವನ್ನು ಅಕ್ಷರದಿಂದ ಗುಣಿಸಲು ಯಾವ ಮಗ್ಗಿಯೂ ಇಲ್ಲವಲ್ಲ.

ಹುಡುಗ ಸಂಖ್ಯೆಗೆ ಬದಲಿಸುವ 'ಇಂಟ್' ಸೇರಿಸಿದ. ರಾಯರು "12 ಕ್ವಿಂಟಲ್" ಎಂದು ಟೈಪಿಸಿದರು. ಪ್ರೋಗ್ರಾಮ್ ಬಿತ್ತು. "12.5" ಎಂದರು. ಅದೂ ಬಿತ್ತು, ದಶಾಂಶಕ್ಕೆ 'ಫ್ಲೋಟ್' ಬೇಕು. ಮುಂಗಡದ ಜಾಗದಲ್ಲಿ "1,50,000" ಎಂದರು. ಅಲ್ಪವಿರಾಮವೇ ಉರುಳಾಯಿತು.

"ದೊಡ್ಡಪ್ಪ, ಬರೀ ನಂಬರ್ ಹಾಕಿ ಸಾಕು."

"ಬರೀ ನಂಬರ್ ಹಾಕಿ, ಆಮೇಲೆ ಯಾರಾದ್ರೂ ಹಿಂದ್ಗಡೆ ಒಂದು ಸೊನ್ನೆ ಸೇರಿಸಿದ್ರೆ? ನೀನು ಕಟ್ಟಿಕೊಡ್ತೀಯೇನೋ?"

ನ್ಯಾಯವೇ. ಚೆಕ್ಕಿನಲ್ಲಿ ಮೊತ್ತದ ಕೊನೆಗೆ ಹಾಕುವ ಓರೆಗೆರೆ, ಅಡ್ಡಗೆರೆ, 'ಮಾತ್ರ' ಎಲ್ಲ ಕಾವಲಿಗೇ ನಿಂತಿರುವುದು. ಬದುಕಿಡೀ ಮನುಷ್ಯರ ಕೈಚಳಕಕ್ಕೆ ಹೆದರಿದವರು ಯಂತ್ರದ ಮುಂದೆ ಅಂಕಿಯನ್ನು ಬರಿಮೈಯಲ್ಲಿ ನಿಲ್ಲಿಸು ಎಂದರೆ ಒಪ್ಪುತ್ತಾರೆಯೇ?

ಕೊನೆಗೆ ಸಿಟ್ಟಿನಿಂದ ಕನ್ನಡದಲ್ಲೇ "೧೨" ಎಂದು ಒತ್ತಿದರು. ಇದಂತೂ ಬಿದ್ದೇ ಬೀಳುತ್ತದೆಂದು ಹುಡುಗ ನಗುತ್ತಿದ್ದ. ಪೈಥಾನ್ ಚಕಾರವೆತ್ತದೆ ಹನ್ನೆರಡೆಂದು ಒಪ್ಪಿಕೊಂಡಿತು! ಯೂನಿಕೋಡ್ ಅಂಕಿಯೆಂದು ಗುರುತಿಸಿದ ಕನ್ನಡದ ಹತ್ತೂ ಅಂಕಿಗಳು ಅದಕ್ಕೆ ಅಂಕಿಗಳೇ. (ಜಾವಾಸ್ಕ್ರಿಪ್ಟ್‌ಗೆ ಕೊಟ್ಟಿದ್ದರೆ ಇದು ಸಂಖ್ಯೆಯೇ ಅಲ್ಲ ಎನ್ನುತ್ತಿತ್ತು.) ಆ ಸಂಜೆ ವಾಕಿಂಗ್ ಬಂದವರೆಲ್ಲರಿಗೂ ರಾಯರು ಈ ವಾರ್ತೆಯನ್ನು ಉಚಿತವಾಗಿ ಹಂಚಿದರು.

ಹುಡುಗನೂ ಹಟವಾದಿ. ಏನೇ ಟೈಪಿಸಿದರೂ ಅಂಕಿ ಮತ್ತು ಚುಕ್ಕಿ ಬಿಟ್ಟು ಉಳಿದದ್ದನ್ನೆಲ್ಲ ಸೋಸಿ ಎಸೆಯುವ ಸಾಲೊಂದನ್ನು ಬರೆದ. ರಾಯರು ಶ್ರದ್ಧೆಯಿಂದ "ರೂ. 500/- ಮಾತ್ರ" ಎಂದು ತುಂಬಿದರು. 'ರೂ' ಹೋಯಿತು, ಅದರ ಪಕ್ಕದ ಚುಕ್ಕಿ ಉಳಿಯಿತು. ಐನೂರು ರೂಪಾಯಿ ".500" ಆಗಿ, ಅಂದರೆ ಐವತ್ತು ಪೈಸೆಯಾಗಿ ಲೆಕ್ಕಕ್ಕೆ ಜಮೆಯಾಯಿತು.

"ನಿಮ್ ಬೆಂಗಳೂರಲ್ಲಿ ಇದಕ್ಕೂ ಸಂಬಳ ಕೊಡ್ತಾರೇನೋ?"

ಚುಕ್ಕಿಯನ್ನೂ ಕಿತ್ತು ಹಾಕಿ, ಅದೇ ಜರಡಿಯನ್ನು ನಿವೃತ್ತರ ಸಂಘದ ಸದಸ್ಯತ್ವದ ಅರ್ಜಿಗೂ ಅಳವಡಿಸಿದ. ವಯಸ್ಸಿನ ಜಾಗದಲ್ಲಿ ರಾಯರು ಎಂದಿನಂತೆ "77 ತುಂಬಿ 78" ಎಂದು ಬರೆದರು. ಈ ಸಲ ಎರರ್ ಬರಲಿಲ್ಲ. ವಯಸ್ಸು 7778 ವರ್ಷ ಎಂದು ತೋರಿಸಿತು. ಹುಡುಗ ತಿದ್ದಲು ಕೈ ಚಾಚಿದರೆ ರಾಯರು ತಡೆದರು.

"ಇರ್ಲಿ ಬಿಡೋ. ಪಿಎಫ್ ಪಿಂಚಣಿ ಎಲ್ಲೀವರೆಗೆ ಕೊಡ್ತಾರೋ ನೋಡೇ ಬಿಡೋಣ."